ಇಬ್ಬರೇ ಹೊರಡಿ, ಎರಡು ದಿನ ಸಾಕು!

ಕೆರೆ ದಂಡೆ, ಹಳೇ ಮನೆಗಳು, ಪಕ್ಕದ ಸೀಟಿನಲ್ಲಿ ಯಜಮಾನರು. ಮೈಸೂರು, ತೊಣ್ಣೂರು, ಮೇಲುಕೋಟೆ, ಕಿಕ್ಕೇರಿ ಸುತ್ತಿ ಬರಲು ಒಂದು ಶನಿವಾರ, ಒಂದು ಭಾನುವಾರ ಸಾಕು. ಹೊರಡೋದೇ ಕಷ್ಟ!

"ಇಬ್ರೇ ಹೋಗಿ ಏನ್ರೀ ಮಾಡೋದು? ಮಾತಾಡೋಕಾದ್ರೂ ಏನಿದೆ?"

ಎದುರು ಮನೆಯಾಕೆ ಹೀಗೆ ಕೇಳಿದಾಗ ಇಬ್ಬರೂ ಜೋರಾಗಿ ನಕ್ಕೆವು. ಬಾಗಿಲು ಹಾಕಿಕೊಂಡು ಒಳಗೆ ಬಂದ ಮೇಲೆ ಮಾತ್ರ ನನಗೆ ನಗು ಬರಲಿಲ್ಲ. ಹೌದಲ್ಲ, ಏನಿದೆ? ಮದುವೆಯಾಗಿ ಇಪ್ಪತ್ತಾರು ವರ್ಷ. ಮಗಳು ಕೆಲಸ ಸಿಕ್ಕಿ ಪುಣೆಗೆ ಹೋಗಿ ಒಂದು ವರ್ಷ. ಈಗ ನಮ್ಮನೆಯಲ್ಲಿ ದಿನಕ್ಕೆ ಆಡುವ ಮಾತು ಲೆಕ್ಕ ಹಾಕಿದರೆ ಒಂದು ಕೈಬೆರಳು ಸಾಕು. "ಗ್ಯಾಸ್ ಬುಕ್ ಮಾಡಿದ್ರಾ?" "ಹಾಲಿನವನಿಗೆ ದುಡ್ಡು ಕೊಟ್ಯಾ?" "ಮಗಳು ಫೋನ್ ಮಾಡಿದ್ಲಾ?" "ಅಮ್ಮನ ಮಾತ್ರೆ ತರಬೇಕು." ಮುಗೀತು. ಆಮೇಲೆ ಇವರ ಕೈಯಲ್ಲಿ ಮೊಬೈಲು, ನನ್ನ ಎದುರಿಗೆ ಟೀವಿ.

ನಿಮ್ಮ ಮನೆಯಲ್ಲೂ ಹೀಗೇನಾ? ಹಾಗಿದ್ದರೆ ಮುಂದೆ ಓದಿ.

ನೀವು ಮಾಡಿರುವ ಪ್ರವಾಸಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ನನ್ನ ಪಟ್ಟಿ ಇದು: ತಿರುಪತಿಗೆ ಅತ್ತೆ-ಮಾವನ ಜೊತೆ, ಧರ್ಮಸ್ಥಳಕ್ಕೆ ನಾದಿನಿ ಸಂಸಾರದ ಜೊತೆ, ಊಟಿಗೆ ಇವರ ಆಫೀಸಿನವರ ಜೊತೆ, ಗೋವಾಕ್ಕೆ ಮಗಳ ಹಟಕ್ಕೆ. ಎಲ್ಲ ಕಡೆ ನಾನು ಹೊತ್ತಿದ್ದು ಚಪಾತಿ ಡಬ್ಬಿ, ಮಾತ್ರೆ ಪೆಟ್ಟಿಗೆ, ಮಗುವಿನ ಸ್ವೆಟರ್. ನಾವಿಬ್ಬರೇ ಅಂತ ಹೋಗಿದ್ದು ಹೊಸತರಲ್ಲಿ ಒಮ್ಮೆ ನಂದಿಬೆಟ್ಟಕ್ಕೆ. ಅದೂ ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್!

ಹಾಗಂತ ಸ್ವಿಟ್ಜರ್ಲೆಂಡಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ರೆಸಾರ್ಟೂ ಬೇಡ. ರೆಸಾರ್ಟಿನಲ್ಲಿ ಇಬ್ಬರೂ ಒಂದೊಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂರೋದೇ ಜಾಸ್ತಿ. ದೇವಸ್ಥಾನಗಳ ಪ್ರವಾಸವಾದರೆ ಕ್ಯೂನಲ್ಲೇ ದಿನ ಕಳೆಯುತ್ತೆ. ನಾನು ಆರಿಸಿಕೊಂಡಿದ್ದು ಕೆರೆಗಳನ್ನು ಮತ್ತು ಹಳೇ ಮನೆಗಳನ್ನು. ಕೆರೆ ದಂಡೆಯಲ್ಲಿ ಕೂರಲು ಯಾರೂ ಅವಸರ ಮಾಡುವುದಿಲ್ಲ. ಇನ್ನು ಯಾರೋ ಬಾಳಿ ಬದುಕಿದ ಮನೆ ನೋಡುವುದೆಂದರೆ ನಮಗೆ ಸಹಜವಾದ ಆಸೆ. ಗೃಹಪ್ರವೇಶಕ್ಕೆ ಹೋದಾಗ ನಾವು ಮೊದಲು ನೋಡೋದು ಏನನ್ನ ಹೇಳಿ? ಅಡುಗೆಮನೆಯನ್ನೇ ತಾನೇ!

ಕೇಳಬೇಡಿ, ಹೇಳಿ

ಹೊರಡುವ ಮುಂಚಿನ ಕಷ್ಟ ಮೊದಲು ಹೇಳಿಬಿಡುತ್ತೇನೆ. ನಮ್ಮತ್ತೆಗೆ ಎಂಬತ್ತೆರಡು ವರ್ಷ. ಹದಿಮೂರು ವರ್ಷದ ಹಿಂದೆ ಪಾರ್ಶ್ವವಾಯು ಆಗಿತ್ತು. ಈಗ ಕೋಲು ಹಿಡಿದು ಓಡಾಡುತ್ತಾರೆ, ಆದರೆ ರಾತ್ರಿ ಒಬ್ಬರನ್ನೇ ಬಿಡುವ ಹಾಗಿಲ್ಲ. "ಎರಡು ದಿನ ಹೋಗಿ ಬರ‍್ಲಾ ಅತ್ತೆ?" ಅಂತ ಕೇಳಿದ್ದರೆ ಉತ್ತರ ಏನು ಬರುತ್ತಿತ್ತೋ. ಅದಕ್ಕೇ ಈ ಸಲ ಕೇಳಲಿಲ್ಲ. ನಾದಿನಿಗೆ ಹದಿನೈದು ದಿನ ಮುಂಚೆ ಫೋನ್ ಮಾಡಿ, "ಈ ಶನಿವಾರ-ಭಾನುವಾರ ನೀವು ಬಂದು ಇರ‍್ಬೇಕು" ಅಂದೆ. ಆಮೇಲೆ ಅತ್ತೆಗೆ, "ಮಗಳು ಬರ‍್ತಿದ್ದಾರೆ, ನಾವು ಮೈಸೂರಿಗೆ ಹೋಗಿ ಬರ‍್ತೀವಿ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಸ್ವೆಟರ್ ಇಟ್ಕೋ" ಅಂದರು. ಅಷ್ಟೇ! ಇಷ್ಟು ವರ್ಷ ನಾನೇ ದೊಡ್ಡ ಗೋಡೆ ಕಟ್ಟಿಕೊಂಡಿದ್ದೆನೋ ಏನೋ.

ಒಂದು ತಪ್ಪು ಮಾತ್ರ ಮಾಡಿದೆ, ನೀವು ಮಾಡಬೇಡಿ. ಹಿಂದಿನ ರಾತ್ರಿ ಹನ್ನೊಂದರವರೆಗೆ ನಿಂತು ಎರಡು ದಿನಕ್ಕಾಗುವಷ್ಟು ಹುಳಿ, ಪಲ್ಯ, ಚಪಾತಿ ಮಾಡಿ ಫ್ರಿಜ್‌ನಲ್ಲಿಟ್ಟು ಬಂದೆ. ವಾಪಸ್ ಬಂದಾಗ ಅದೆಲ್ಲ ಹಾಗೇ ಇತ್ತು. ಅಮ್ಮ-ಮಗಳು ಎರಡು ದಿನವೂ ಹೋಟೆಲಿನಿಂದ ಮಸಾಲೆದೋಸೆ ತರಿಸಿಕೊಂಡು ತಿಂದಿದ್ದರಂತೆ!

ಮೊದಲ ಐವತ್ತು ಕಿಲೋಮೀಟರು

ಬೆಂಗಳೂರಿನಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಮೈಸೂರಿನ ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ದಾರಿ ಬೇಗ ಸಾಗುತ್ತೆ, ನಿಜ. ಆದರೆ ಒಂದು ವಿಷಯ ಗೊತ್ತಿರಲಿ. ಈ ರಸ್ತೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವ ಊರೊಳಗೂ ಹೋಗುವುದಿಲ್ಲ. ಹೋಟೆಲುಗಳೆಲ್ಲ ಹಳೇ ರಸ್ತೆಯಲ್ಲೇ ಉಳಿದಿವೆ. ಹೆಂಗಸರಿಗೆ ಇದು ಬರೀ ತಿಂಡಿಯ ಪ್ರಶ್ನೆ ಅಲ್ಲ, ಟಾಯ್ಲೆಟ್ಟಿನ ಪ್ರಶ್ನೆ. ಎಲ್ಲಿ ಇಳಿದು ಹಳೇ ರಸ್ತೆ ಸೇರಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ. "ಮುಂದೆ ಸಿಗುತ್ತೆ ಬಿಡು" ಅನ್ನುವ ಗಂಡಂದಿರ ಮಾತು ನಂಬಬೇಡಿ!

ಮೊದಲ ಐವತ್ತು ಕಿಲೋಮೀಟರು ನಾವಿಬ್ಬರೂ ಮಾತಾಡಲಿಲ್ಲ. ಜಗಳ ಏನಿಲ್ಲ, ಮಾತು ಹುಟ್ಟಲಿಲ್ಲ. ನಾನು ಮನಸ್ಸಿನಲ್ಲೇ ಎದುರು ಮನೆಯಾಕೆಯನ್ನು ನೆನೆಸಿಕೊಂಡೆ. ಮದ್ದೂರಿನಲ್ಲಿ ವಡೆ ತಿನ್ನುವಾಗ ಇವರು ಹೇಳಿದ್ದು, "ಎಣ್ಣೆ ಜಾಸ್ತಿ." ನಾನು ಹೇಳಿದ್ದು, "ಹೂಂ." ಇದೇ ಎರಡು ದಿನ ನಡೆದರೆ ಏನು ಗತಿ ಅಂತ ಹೆದರಿಕೆಯೇ ಆಯಿತು.

ಎಂಟು ಕಿಟಕಿಯ ಕೋಣೆ

ಮೈಸೂರಿನಲ್ಲಿ ಅರಮನೆ, ಮೃಗಾಲಯ ಎಲ್ಲ ಎಷ್ಟು ಸಲ ನೋಡಿಲ್ಲ! ಅದನ್ನೆಲ್ಲ ಬಿಟ್ಟು ಯಾದವಗಿರಿಗೆ ಹೋದೆವು. ಅಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಇದೆ. ಶಂಕರ್‌ನಾಗ್ ಮಾಡಿದ 'ಮಾಲ್ಗುಡಿ ಡೇಸ್' ಧಾರಾವಾಹಿ ನಮ್ಮ ವಯಸ್ಸಿನವರಿಗೆಲ್ಲ ನೆನಪಿರುತ್ತೆ. ಆ ಕತೆಗಳನ್ನು ಬರೆದವರ ಮನೆ. 2011ರಲ್ಲಿ ಇದನ್ನು ಕೆಡವಲು ಶುರು ಮಾಡಿದ್ದರು. ಗಲಾಟೆಯಾದ ಮೇಲೆ ನಿಲ್ಲಿಸಿ, ಆಮೇಲೆ ಮಹಾನಗರ ಪಾಲಿಕೆ ಕೊಂಡುಕೊಂಡು ದುರಸ್ತಿ ಮಾಡಿಸಿ, 2016ರ ಜುಲೈನಲ್ಲಿ ಮ್ಯೂಸಿಯಂ ಮಾಡಿ ತೆರೆಯಿತು.

ದೊಡ್ಡ ಬಂಗಲೆ ಅಂತ ಕಲ್ಪಿಸಿಕೊಂಡು ಹೋಗಬೇಡಿ. ಬಿಳಿ ಬಣ್ಣದ ಎರಡಂತಸ್ತಿನ ಮನೆ. ಒಳಗೆ ಫೋಟೋಗಳು, ಪ್ರಶಸ್ತಿಗಳು, ಅವರ ಬಟ್ಟೆ, ಕನ್ನಡಕ. ಮಹಡಿಯಲ್ಲಿ ಅವರು ಬರೆಯಲು ಅಂತ ಕಟ್ಟಿಸಿಕೊಂಡ ಕೋಣೆ. ಅರ್ಧಚಂದ್ರದಂತೆ ಹೊರಚಾಚಿಕೊಂಡಿರುವ ಅದಕ್ಕೆ ಎಂಟು ಕಿಟಕಿ! ಚಾಮುಂಡಿ ಬೆಟ್ಟವೂ ಕಾಣಬೇಕು ಅಂತ ಇಡಿಸಿದ್ದು. ಆಮೇಲೆ ನೋಡಿದರೆ, ಹೊರಗಿನ ನೋಟಕ್ಕೆ ಮನಸ್ಸು ಹರಿದು ಬರೆಯಲಿಕ್ಕೇ ಆಗದೆ ಪರದೆ ಹಾಕಿಸಿಕೊಂಡರಂತೆ.

ನನಗೆ ಅಲ್ಲಿ ಹೊಟ್ಟೆಯಲ್ಲಿ ಕಲಕಿದ್ದು ಬೇರೆ ವಿಷಯ. ನಾರಾಯಣ್ ಕೊಯಮತ್ತೂರಿನಲ್ಲಿ ಅಕ್ಕನ ಮನೆಗೆ ಹೋದಾಗ ರಾಜಂ ಎಂಬ ಹುಡುಗಿಯನ್ನು ನೋಡಿ ಮೆಚ್ಚಿದ್ದರು. ಜಾತಕ ಕೂಡಿ ಬರಲಿಲ್ಲ. ಆದರೂ ಪಟ್ಟು ಹಿಡಿದು ಮದುವೆಯಾದರು. ಐದೇ ವರ್ಷ. 1939ರಲ್ಲಿ ಟೈಫಾಯ್ಡ್ ಬಂದು ರಾಜಂ ತೀರಿಕೊಂಡರು. ಮಗಳಿಗೆ ಆಗ ಮೂರು ವರ್ಷ. ಅವರು ಮತ್ತೆ ಮದುವೆಯಾಗಲಿಲ್ಲ. ಈ ಮನೆಗೆ ಬಂದದ್ದು 1950ರ ದಶಕದಲ್ಲಿ. ಅಂದರೆ ಈ ಮನೆಯಲ್ಲಿ ಆಕೆ ಒಂದು ದಿನವೂ ಇರಲಿಲ್ಲ. ಅಷ್ಟು ಕಿಟಕಿ ಇಟ್ಟ ಮನೆಗೆ ಮನೆಯಾಕೆಯೇ ಇಲ್ಲ.

ಕಾರಿಗೆ ಬಂದು ಕೂತ ಮೇಲೆ ಇವರು ತಟ್ಟನೆ ಕೇಳಿದರು, "ನಾವು ಮನೆ ಕಟ್ಟಿಸ್ವಾಗ ಅಡುಗೆಮನೆ ಕಿಟಕಿ ಎಲ್ಲಿರಬೇಕು ಅಂತ ನಿನ್ನ ಕೇಳಿದ್ನಾ?"

"ಇಲ್ಲ."

"ಸಿಂಕ್ ಎದುರಿಗೆ ಏನಿದೆ?"

"ಗೋಡೆ."

ಹತ್ತೊಂಬತ್ತು ವರ್ಷದಿಂದ ಆ ಗೋಡೆ ನೋಡಿಕೊಂಡೇ ಪಾತ್ರೆ ತೊಳೆದಿದ್ದೇನೆ. ಇವರಿಗೆ ಇವತ್ತು ಕಂಡಿತು! ಆದರೂ ಹೇಳಬೇಕು, ಆ ದಿನದ ಮೊದಲ ನಿಜವಾದ ಮಾತು ಅದೇ.

ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದೆವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ ಇದು. ಕುವೆಂಪು ಅವರೂ ಇಲ್ಲಿ ವಾಯುವಿಹಾರಕ್ಕೆ ಬರುತ್ತಿದ್ದರು, ನಾರಾಯಣ್ ಅವರೂ ಬರುತ್ತಿದ್ದರು. ಹಕ್ಕಿಗಳು ಗೂಡಿಗೆ ಮರಳುವ ಹೊತ್ತಿಗೆ ಹೋದರೆ ಚೆನ್ನ. ಕೆರೆಯ ಆಚೆ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮಿ ವಿಲಾಸ ಅರಮನೆ ಇದೆ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗೆ ಅಂತ 1905ರಲ್ಲಿ ಕಟ್ಟಿಸಿದ್ದು, ನೂರಕ್ಕೂ ಹೆಚ್ಚು ಕೋಣೆಗಳಂತೆ. ಕಸ ಗುಡಿಸುವವರ ಗತಿ ಏನು ಅಂತ ನನಗೆ ಮೊದಲು ಅನಿಸಿದ್ದು! ಕಟ್ಟಡ ಶಿಥಿಲವಾಗಿ ದುರಸ್ತಿ ನಡೆಯುತ್ತಿರುವುದರಿಂದ ಒಳಗೆ ಬಿಡುತ್ತಾರೋ ಇಲ್ಲವೋ ವಿಚಾರಿಸಿಕೊಂಡೇ ಹೋಗಿ. ಹೊರಗಿನಿಂದ ನೋಡಿದರೂ ನಷ್ಟವಿಲ್ಲ.

ತೊಣ್ಣೂರಿನ ತಿಳಿನೀರು

ಭಾನುವಾರ ಆರೂವರೆಗೆಲ್ಲ ಮೈಸೂರು ಬಿಟ್ಟು ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಕೆರೆ ತೊಣ್ಣೂರಿಗೆ ಹೋದೆವು. ಒಂದು ಗಂಟೆ ದಾರಿ. ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಕೆರೆ. ನೀರು ಎಷ್ಟು ತಿಳಿ ಅಂದರೆ, 1746ರಲ್ಲಿ ಇಲ್ಲಿಗೆ ಬಂದ ನಾಸಿರ್ ಜಂಗ್ ಇದನ್ನು 'ಮೋತಿ ತಲಾಬ್' ಅಂತ ಕರೆದ. ಮುತ್ತಿನ ಕೆರೆ! ಅದಕ್ಕೂ ಎಷ್ಟೋ ಹಿಂದೆ ರಾಮಾನುಜಾಚಾರ್ಯರು ಇದಕ್ಕೆ 'ತಿರುಮಲಸಾಗರ' ಅಂತ ಹೆಸರಿಟ್ಟರು ಅಂತ ಹೇಳುತ್ತಾರೆ. ಪಕ್ಕದಲ್ಲೇ ಹೊಯ್ಸಳರ ಕಾಲದ ನಂಬಿ ನಾರಾಯಣ ದೇವಸ್ಥಾನ. ಬೆಳಿಗ್ಗೆ ಜನವೇ ಇರುವುದಿಲ್ಲ. ಹತ್ತು ಗಂಟೆ ಮೇಲೆ ಹುಡುಗರ ಗುಂಪುಗಳು ಬರಲು ಶುರು.

ನೀರು ತಿಳಿಯಾಗಿದೆ ಅಂತ ಮೋಸ ಹೋಗಬೇಡಿ, ಕೆರೆ ಆಳ ಇದೆ. ಕಾಲು ತೊಳೆಯುತ್ತೀನಿ ಅಂತ ಪಾಚಿ ಕಟ್ಟಿದ ಕಲ್ಲಿನ ಮೇಲೆ ಇಳಿಯಲೇ ಬೇಡಿ.

ಏರಿಯ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದೆವು. ಇವರು ಚಿಕ್ಕಂದಿನಲ್ಲಿ ಅಜ್ಜಿ ಊರಿನ ಕೆರೆಯಲ್ಲಿ ಈಜು ಕಲಿತದ್ದು, ಸೋರೆ ಬುರುಡೆ ಕಟ್ಟಿಕೊಂಡು ತೇಲಿದ್ದು, ತೂಬಿನ ಹತ್ತಿರ ಮುಳುಗಿಹೋದ ಗೆಳೆಯನೊಬ್ಬನ ಹೆಸರು... ಇಪ್ಪತ್ತಾರು ವರ್ಷದಲ್ಲಿ ಆ ಗೆಳೆಯನ ಹೆಸರು ನಾನು ಕೇಳಿಯೇ ಇರಲಿಲ್ಲ. ಇವರಿಗೆ ಈಗಲೂ ನೀರು ಕಂಡರೆ ಭಯವಂತೆ. ಗೋವಾದಲ್ಲಿ ಮಗಳು ಎಷ್ಟು ಕರೆದರೂ ಸಮುದ್ರಕ್ಕೆ ಇಳಿಯದೆ ದಡದಲ್ಲೇ ಕೂತಿದ್ದರು. ಆವತ್ತು ನಾನು, "ಎಲ್ಲದಕ್ಕೂ ನಿಮ್ಮದೊಂದು ರಗಳೆ" ಅಂತ ಬೈದಿದ್ದೆ.

ಕಲ್ಯಾಣಿ ಮೆಟ್ಟಿಲ ಮೇಲೆ

ಅಲ್ಲಿಂದ ಮೇಲುಕೋಟೆ ಅರ್ಧ-ಮುಕ್ಕಾಲು ಗಂಟೆ. ಎಷ್ಟೋ ಸಿನಿಮಾಗಳಲ್ಲಿ ನೋಡಿದ ಕಲ್ಯಾಣಿ, ಪೂರ್ತಿಯಾಗದೇ ಉಳಿದ ರಾಯಗೋಪುರ, ಬೆಟ್ಟದ ತುದಿಯಲ್ಲಿ ಯೋಗಾನರಸಿಂಹ. ಅಕ್ಕ-ತಂಗಿ ಕೊಳಗಳನ್ನೂ ನೋಡಿ. ಅಕ್ಕಪಕ್ಕದ ಎರಡು ಕೊಳ, ಆದರೆ ಒಂದರ ನೀರು ಕುಡಿಯಲು ಬರುತ್ತೆ, ಇನ್ನೊಂದರದ್ದು ಬರುವುದಿಲ್ಲ ಅಂತ ಊರಿನವರ ಕತೆ. ಚೆಲುವನಾರಾಯಣಸ್ವಾಮಿ ದೇವಸ್ಥಾನದಲ್ಲಿ ಬೀಬಿ ನಾಚಿಯಾರ್ ಬಗ್ಗೆ ಕೇಳಿ ತಿಳಿದುಕೊಳ್ಳಿ. ದೇವರ ಮೂರ್ತಿಯ ಮೇಲಿನ ಪ್ರೀತಿಗೆ ದೆಹಲಿಯಿಂದ ಹಿಂದೆಯೇ ಬಂದ ಸುಲ್ತಾನನ ಮಗಳಂತೆ. ಆಕೆಗೂ ಇಲ್ಲಿ ಪೂಜೆ ಸಲ್ಲುತ್ತದೆ.

ನಾವು ಹೋಗಿದ್ದು ಮುಖ್ಯವಾಗಿ ಪು.ತಿ.ನ. ಅವರ ಮನೆ ನೋಡಲು. 1905ರಲ್ಲಿ ಇದೇ ಮೇಲುಕೋಟೆಯಲ್ಲಿ ಹುಟ್ಟಿದ ಕವಿ, 'ಗೋಕುಲ ನಿರ್ಗಮನ' ಬರೆದವರು. ಅವರ ಮನೆಯನ್ನು ಅವರ ಹೆಸರಿನ ಟ್ರಸ್ಟ್ ನವೀಕರಿಸಿ ಉಳಿಸಿಕೊಂಡಿದೆ. ಊರಿನ ಹಳೇ ಬೀದಿಗಳಲ್ಲಿ ನಡೆದುಕೊಂಡೇ ಹೋಗಿ. ಜಗಲಿ, ಕಂಬ, ತಗ್ಗು ಬಾಗಿಲು. ತಲೆ ತಗ್ಗಿಸಿ ಒಳಗೆ ಹೋಗಬೇಕಾದ ಮನೆಗಳು. ಕವಿ ಎಲ್ಲಿ ಕೂತು ಬರೆದರೋ ಅಂತ ಇವರು ಯೋಚಿಸುತ್ತಿದ್ದರು. ನನಗೆ ಅನಿಸಿದ್ದು ಬೇರೆ. ಇದು ಬೆಟ್ಟದ ಮೇಲಿನ ಊರು. ನಲ್ಲಿ ಬರುವ ಮುಂಚೆ ಈ ಮನೆಗಳಿಗೆಲ್ಲ ನೀರು ಹೊತ್ತವರು ಯಾರು?

ಕಲ್ಯಾಣಿಯ ಮೆಟ್ಟಿಲ ಮೇಲೆ ನೆರಳು ನೋಡಿ ಕೂತಾಗ ಅದನ್ನೇ ಹೇಳಿದೆ. ಇವರು, "ಪಾಪ, ಸೊಂಟ ಬಿದ್ದುಹೋಗಿರುತ್ತೆ ಆ ಹೆಂಗಸರಿಗೆ" ಅಂದರು.

ಅದೇನಾಯಿತೋ, ನನ್ನ ಬಾಯಿಂದ ಬಂದೇಬಿಟ್ಟಿತು: "ನನ್ನ ಸೊಂಟದ ಬಗ್ಗೆ ಯಾವತ್ತಾದ್ರೂ ಹೀಗಂದಿದ್ದೀರಾ?"

ನಿಮಗೆ ಹಿನ್ನೆಲೆ ಹೇಳಬೇಕು. ಅತ್ತೆಗೆ ಪಾರ್ಶ್ವವಾಯು ಆದಾಗ ನಾನು ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಆರು ವರ್ಷದ ಕೆಲಸ. ಮಕ್ಕಳಿಗೂ ನಾನು ಅಂದರೆ ಇಷ್ಟ, ನನಗೂ ಶಾಲೆ ಅಂದರೆ ಪ್ರಾಣ. ಅತ್ತೆಯನ್ನು ಎತ್ತಬೇಕು, ಕೂರಿಸಬೇಕು, ಸ್ನಾನ ಮಾಡಿಸಬೇಕು. ಹದಿನೈದೇ ದಿನಕ್ಕೆ ರಾಜೀನಾಮೆ ಕೊಟ್ಟೆ. ಅತ್ತೆಯ ಮೇಲೆ ನನಗೆ ಕೋಪವಿಲ್ಲ, ಇದು ಆಣೆ. ಆದರೆ...

"ನಾನು ಕೆಲಸ ಬಿಟ್ಟಾಗ ನೀವು ಒಂದೇ ಒಂದು ಮಾತು ಕೇಳಲಿಲ್ಲ."

"ನೀನೇ ತಾನೇ ಬಿಡ್ತೀನಿ ಅಂದಿದ್ದು?"

"ನೀವು ಬೇಡ ಅನ್ನಲಿಲ್ಲ."

"ಹೇಳಿದ್ರೆ ತಾನೇ ಗೊತ್ತಾಗೋದು?"

"ಹೇಳ್ಬೇಕಿತ್ತಾ?"

ಮುಗೀತು. ಎದ್ದು ಬಂದೆವು. ಮೇಲುಕೋಟೆ ಪುಳಿಯೋಗರೆ, ಸಕ್ಕರೆ ಪೊಂಗಲ್ ಪ್ರಪಂಚಕ್ಕೇ ಪ್ರಸಿದ್ಧ. ಅಂಥದ್ದನ್ನು ಎದುರಿಗಿಟ್ಟುಕೊಂಡು ಇಬ್ಬರೂ ತಲೆ ಬಗ್ಗಿಸಿ ತಿಂದೆವು. ರುಚಿ ಹೇಗಿತ್ತು ಅಂತ ಕೇಳಬೇಡಿ.

ಇಬ್ಬರೇ ಹೋದರೆ ಇಂಥದ್ದೊಂದು ಜಗಳ ಆಗುತ್ತೆ, ತಿಳಿದೇ ಹೋಗಿ. ಮನೆಯಲ್ಲಾದರೆ ನಾವು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತೀವಿ, ಅವರು ಟೀವಿ ವಾಲ್ಯೂಮ್ ಹೆಚ್ಚಿಸುತ್ತಾರೆ, ಅಷ್ಟರಲ್ಲಿ ಯಾರೋ ಬೆಲ್ ಮಾಡುತ್ತಾರೆ. ಕಾರಿನಲ್ಲಿ ಎದ್ದು ಹೋಗುವ ಹಾಗಿಲ್ಲ. ನಾನು ಹೇಳುತ್ತಿರುವುದು ಮಾತಿಗೆ ಮಾತು ಬೆಳೆಯುವ ಜಗಳದ ಬಗ್ಗೆ ಮಾತ್ರ. ನಿಮ್ಮ ಮನೆಯಲ್ಲಿ ಜಗಳ ಅಂದರೆ ಕೈ ಎತ್ತುವುದು, ಹೆದರಿಸುವುದು ಅಂತಿದ್ದರೆ ಅದಕ್ಕೆ ಪ್ರವಾಸ ಮದ್ದಲ್ಲ. ದೂರದ ಊರಲ್ಲಿ ಒಬ್ಬರೇ ಸಿಕ್ಕಿಹಾಕಿಕೊಳ್ಳಬೇಡಿ. ತವರಿನವರಿಗೋ, ನಂಬುವ ಗೆಳತಿಗೋ ಹೇಳಿ. ಮಹಿಳಾ ಸಹಾಯವಾಣಿ 181 ಕೂಡ ಇದೆ.

ಕಿಕ್ಕೇರಿಯಲ್ಲಿ

ಮೇಲುಕೋಟೆಯಿಂದ ಕೆ.ಆರ್. ಪೇಟೆ ಮೇಲೆ ಕಿಕ್ಕೇರಿಗೆ ಹೋಗಬೇಕು. ದಾರಿಯುದ್ದಕ್ಕೂ ಗದ್ದೆ, ಕಬ್ಬು, ತೆಂಗು. ಕಾರಿನಲ್ಲಿ ಮತ್ತೆ ಮೌನ. ಆದರೆ ಶನಿವಾರ ಬೆಳಗಿನ ಮೌನದಂತಲ್ಲ ಇದು. ಆವತ್ತು ಹೇಳಲು ಏನೂ ಇರಲಿಲ್ಲ, ಈಗ ಇಬ್ಬರ ಗಂಟಲಲ್ಲೂ ಏನೋ ಇತ್ತು.

ಕಿಕ್ಕೇರಿ ಅಂದರೆ ನಿಮಗೆ ಗೊತ್ತಲ್ಲ, ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. 1915ರ ಜನವರಿ 26ರಂದು ಇಲ್ಲಿ ಹುಟ್ಟಿದರು, 2003ರಲ್ಲಿ ತೀರಿಕೊಂಡರು. ಜೀವನವಿಡೀ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ, ಸಣ್ಣ ಸಂಬಳ. ಆದರೆ 1942ರಲ್ಲಿ ಬಂದ ಅವರ 'ಮೈಸೂರು ಮಲ್ಲಿಗೆ' ಕನ್ನಡದ ಗಂಡ-ಹೆಂಡಿರಿಗೆಲ್ಲ ಮಾತು ಕೊಟ್ಟಿತು. ಹೆಂಡತಿ ತವರಿಗೆ ಹೋಗುವುದು, ಬರುವುದು, ಮುನಿಸು, ಬಳೆ, ಮಲ್ಲಿಗೆ, ಮಾವನ ಮನೆ. ನಮ್ಮ ಮದುವೆಯಲ್ಲಿ ಉಡುಗೊರೆಯಾಗಿ ಈ ಪುಸ್ತಕ ಎರಡು ಬಂದಿತ್ತು. ಹಾಡುಗಳ ಕ್ಯಾಸೆಟ್ಟು ಇವರೇ ತಂದಿದ್ದರು. ಟೇಪು ಸುತ್ತಿಕೊಂಡು ಹಾಳಾಗುವವರೆಗೆ ಕೇಳಿದ್ದೆವು.

ಊರಿನಲ್ಲಿ ದೊಡ್ಡ ಕೆರೆ ಇದೆ. ಅದಕ್ಕಿಂತ ನಿಮಗೆ ತೋರಿಸಬೇಕು ಅನಿಸಿದ್ದು ಬ್ರಹ್ಮೇಶ್ವರ ದೇವಸ್ಥಾನ. ಇದನ್ನು 1171ರಲ್ಲಿ, ಹೊಯ್ಸಳ ದೊರೆ ಒಂದನೇ ನರಸಿಂಹನ ಕಾಲದಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ ಎಂಬ ಹೆಂಗಸು! ಒಳಗಿನ ಕಂಬಗಳ ಮೇಲಿನ ಮದನಿಕೆಯರನ್ನು ಕತ್ತೆತ್ತಿ ನೋಡಿ. ಬೇಲೂರಿನ ನೂಕುನುಗ್ಗಲು ಇಲ್ಲ. ನಾವು ಹೋದಾಗ ನಾವಿಬ್ಬರೇ. ಎಂಟೂವರೆ ಶತಮಾನದ ಹಿಂದಿನ ಒಬ್ಬ ಹೆಂಗಸಿನ ಹೆಸರು ಇನ್ನೂ ಉಳಿದಿದೆ ನೋಡಿ, ನನಗೆ ಅದೊಂದು ಖುಷಿ.

ಹೊರಗೆ ಬಂದು ಕೆರೆ ಕಡೆ ಮುಖ ಮಾಡಿ ನಿಂತಾಗ ಇವರು ಶುರು ಮಾಡಿದರು. ನನ್ನ ಕಡೆ ನೋಡದೇ.

"ಆವತ್ತು ನಾನು ಹೆದರಿದ್ದೆ ಕಣೆ. ಬಿಡಬೇಕು ಅಂತ ನಿಂಗೆ ಇಷ್ಟ ಇದ್ಯಾ ಅಂತ ಕೇಳಿದ್ರೆ, ನೀನು ಇಲ್ಲ ಅಂತೀಯ. ಆಮೇಲೆ ಅಮ್ಮನ್ನ ನೋಡೋರು ಯಾರು? ಅದಕ್ಕೇ ಕೇಳಲಿಲ್ಲ."

ಏನು ಹೇಳಲಿ? ಸಿನಿಮಾದಲ್ಲಾದರೆ ಇಲ್ಲಿ ಹಾಡು ಬರುತ್ತೆ. ನನಗೆ ಅಳು ಬರಲಿಲ್ಲ, ಸಿಟ್ಟೂ ಇಳಿಯಲಿಲ್ಲ. ಹದಿಮೂರು ವರ್ಷ ನಾನು ಅಂದುಕೊಂಡಿದ್ದೇನೆಂದರೆ, ಪಾಪ, ಇವರಿಗೆ ಗೊತ್ತೇ ಆಗಲಿಲ್ಲ, ಗಂಡಸರಿಗೆ ಇದೆಲ್ಲ ಹೊಳೆಯಲ್ಲ ಅಂತ. ಗೊತ್ತಿತ್ತು ಅಂತಾಯಿತು. ಗೊತ್ತಿದ್ದೂ ಕೇಳದೇ ಇದ್ದದ್ದು ಹೆಚ್ಚು ತಪ್ಪೋ, ಗೊತ್ತೇ ಆಗದೇ ಇರುವುದು ಹೆಚ್ಚು ತಪ್ಪೋ? ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ನಿಮಗೇನನಿಸುತ್ತೆ? "ಈಗ ಹೇಳಿದ್ರಲ್ಲ" ಅಂದೆ. ಇವರು ಟೀ ಕುಡಿಯೋಣ್ವಾ ಅಂದರು. ಕುಡಿದೆವು. ಸಕ್ಕರೆ ಜಾಸ್ತಿ ಇತ್ತು, ಇಬ್ಬರೂ ಒಟ್ಟಿಗೇ ಮುಖ ಕಿವುಚಿದೆವು.

ಬೆಳಗೊಳದ ಕೊಳ

ಕಿಕ್ಕೇರಿಯಿಂದ ಶ್ರವಣಬೆಳಗೊಳ ಹತ್ತಿರ. ಬೆಳ್ಳನೆಯ ಕೊಳ ಅಂತಲೇ ಊರಿಗೆ ಆ ಹೆಸರು. ಕೊಳ ಊರ ನಡುವೆ, ಎರಡು ಬೆಟ್ಟಗಳ ಮಧ್ಯೆ ಇದೆ. ಮಂಡಿ ನೋವಿನ ನನಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಆಗದ ಕೆಲಸ. ಡೋಲಿ ಸಿಗುತ್ತೆ, ಆದರೆ ಇನ್ನೊಬ್ಬರ ಹೆಗಲ ಮೇಲೆ ಹೋಗಲು ನನಗೆ ಮನಸ್ಸಾಗಲಿಲ್ಲ. "ನೀವು ಹೋಗಿ ಬನ್ನಿ" ಅಂತ ಇವರನ್ನು ಕಳಿಸಿ ನಾನು ಕೊಳದ ಹತ್ತಿರ ಕೂತೆ. ಇಬ್ಬರೇ ಪ್ರವಾಸ ಅಂದರೆ ಹೊತ್ತೂ ಅಂಟಿಕೊಂಡಿರಬೇಕು ಅಂತೇನಿಲ್ಲ. ಆ ಒಂದೂವರೆ ಗಂಟೆ ನನಗೆ ಯಾರೂ ಏನೂ ಕೇಳಲಿಲ್ಲ. ಎಷ್ಟು ವರ್ಷವಾಗಿತ್ತು ಹಾಗೆ ಕೂತು!

ಮೇಲೆ ಹತ್ತುವವರು ಗೊಮ್ಮಟನ ಜೊತೆಗೆ ಗುಳ್ಳಕಾಯಜ್ಜಿಯ ಮೂರ್ತಿಯನ್ನೂ ನೋಡಿ ಬನ್ನಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಗೊಮ್ಮಟನ ಮೈ ಪೂರ್ತಿ ನೆನೆಯದೇ, ಮುದುಕಿಯೊಬ್ಬಳು ಪುಟ್ಟ ಗುಳ್ಳಕಾಯಿಯಲ್ಲಿ ತಂದ ಹಾಲಿನಿಂದ ನೆನೆಯಿತು ಅನ್ನುವ ಕತೆ ನಿಮಗೆ ಗೊತ್ತಿರುತ್ತೆ.

ವಾಪಸು ಬೆಂಗಳೂರಿಗೆ ಹಿರೀಸಾವೆ, ಕುಣಿಗಲ್ ದಾರಿ. ಕತ್ತಲಾದ ಮೇಲೆ ಇವರು ಮೆಲ್ಲಗೆ ಆ ಹಳೇ ಕ್ಯಾಸೆಟ್ಟಿನ ಹಾಡು ಗುನುಗಿದರು. ಶ್ರುತಿ ಕೆಟ್ಟಿತ್ತು. ನಾನು ಸುಮ್ಮನಿದ್ದೆ.

ಮುಂದಿನ ವಾರ ಮೇಸ್ತ್ರಿಯೊಬ್ಬರು ಬಂದು ನಮ್ಮ ಅಡುಗೆಮನೆಯ ಗೋಡೆ ತಟ್ಟಿ ನೋಡಿದರು. ಅಲ್ಲಿ ಪಿಲ್ಲರ್ ಇದೆಯಂತೆ, ಕಿಟಕಿ ಆಗಲ್ಲವಂತೆ. ಎದುರು ಮನೆಯಾಕೆ ಕೇಳಿದ್ದಕ್ಕೆ ಮಾತ್ರ, "ಮಾತಾಡೋಕೆ ಎರಡು ದಿನ ಸಾಲಲಿಲ್ಲ ಕಣ್ರೀ" ಅಂದೆ.

ಹೊರಡುವ ಮುಂಚೆ

ಕಾರಿಲ್ಲ ಅಂತ ಕೈಬಿಡಬೇಡಿ. ಮೈಸೂರಿಗೆ ಬಸ್ಸು, ರೈಲು ಬೇಕಾದಷ್ಟಿವೆ. ಅಲ್ಲಿಂದ ಒಂದು ದಿನಕ್ಕೆ ಟ್ಯಾಕ್ಸಿ ಮಾಡಿಕೊಂಡರೆ ತೊಣ್ಣೂರು, ಮೇಲುಕೋಟೆ ಎರಡೂ ಆಗುತ್ತೆ. ನಮಗೆ ಪೆಟ್ರೋಲು, ಟೋಲು, ಸಾಧಾರಣ ರೂಮು, ಊಟ-ತಿಂಡಿ ಸೇರಿ ಎರಡು ದಿನಕ್ಕೆ ಎಂಟು ಸಾವಿರ ಮುಟ್ಟಲಿಲ್ಲ. ಈ ಖರ್ಚನ್ನು ನಿಮ್ಮ ಉಳಿತಾಯದ ಡಬ್ಬಿಯಿಂದಲೇ ಕೊಟ್ಟರೆ ಊರು ಆರಿಸುವ ಹಕ್ಕೂ ನಿಮ್ಮದೇ. ಇದು ನನ್ನ ಅನುಭವ!

ಮೇಲುಕೋಟೆ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಹನ್ನೆರಡರೊಳಗೆ ದರ್ಶನ ಮುಗಿಸಿ. ಬೇಸಿಗೆ ಶುರುವಿನಲ್ಲಿ ಬರುವ ವೈರಮುಡಿ ಉತ್ಸವದ ಸಮಯದಲ್ಲಿ ಉತ್ಸವಕ್ಕೆ ಅಂತಲೇ ಹೋಗಿ, ಮನೆ ನೋಡಲು ಅಲ್ಲ. ಕಾಲಿಡಲು ಜಾಗ ಇರುವುದಿಲ್ಲ. ಮ್ಯೂಸಿಯಂ, ಸ್ಮಾರಕಗಳಿಗೆ ವಾರದ ರಜೆ ಇರುತ್ತದೆ, ಫೋನ್ ಮಾಡಿ ತಿಳಿದುಕೊಳ್ಳಿ. ಎರಡು ಬೆಟ್ಟದಲ್ಲೂ ಕಲ್ಲು ಕಾದಿರುತ್ತೆ. ಚಪ್ಪಲಿ ಕೆಳಗೇ ಬಿಡಬೇಕಾದ್ದರಿಂದ ಹಳೇ ಕಾಲುಚೀಲ ಒಂದೊಂದು ಜೊತೆ ಇಟ್ಟುಕೊಳ್ಳಿ. ಹತ್ತಿ ಸೀರೆಯೋ ಚೂಡಿದಾರೋ ಸಾಕು, ರೇಷ್ಮೆ ಸೀರೆ ಉಟ್ಟು ಒದ್ದಾಡಬೇಡಿ. ಬಿಪಿ, ಶುಗರ್ ಮಾತ್ರೆ ಇಬ್ಬರದ್ದೂ ಒಂದೇ ಚೀಲದಲ್ಲಿರಲಿ, ಆ ಚೀಲ ಅವರ ಜವಾಬ್ದಾರಿ ಆಗಿರಲಿ. ಮಕ್ಕಳಿಗೆ ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಫೋನ್ ಸಾಕು.

ಮೇಲುಕೋಟೆಯಲ್ಲಿ ಪುಳಿಯೋಗರೆ ಗೊಜ್ಜು ಕೊಂಡರೆ ಪ್ಲಾಸ್ಟಿಕ್ ಕವರಿನಲ್ಲಿ ತರಬೇಡಿ, ಮನೆಯಿಂದಲೇ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ. ನಮ್ಮ ಕಾರಿನ ಡಿಕ್ಕಿಯಲ್ಲಿ ಇನ್ನೂ ಹುಣಸೇಹಣ್ಣಿನ ವಾಸನೆ ಹೋಗಿಲ್ಲ.